ಒಣಗುವ ಕಣ್ಣಿಗೊಂದು ಪುಟ್ಟ ಬಿರಡೆ

ನಮ್ಮ ಊರಿನ ನಿವೃತ್ತ ಶಿಕ್ಷಕಿಯೊಬ್ಬರು ಕೆಲವು ವರ್ಷಗಳ ಹಿಂದೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ಕೈಯಲ್ಲಿ ಒದ್ದೆಯಾದ ಕರವಸ್ತ್ರ. "ಡಾಕ್ಟ್ರೇ, ನೋಡಿದವರು ನಾನು ಅಳ್ತಾ ಇದ್ದೀನಿ ಅಂದ್ಕೊಳ್ತಾರೆ. ಮಗನ ಸ್ಕೂಟರಿನ ಹಿಂದೆ ಕೂತರೆ ಸಾಕು, ಕಣ್ಣಲ್ಲಿ ಧಾರಾಕಾರ ನೀರು" ಎಂದರು. ಕಣ್ಣು ಸ್ವಲ್ಪ ಕೆಂಪಾಗಿತ್ತು. ಬೆಳಿಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತವೆ ಎಂದೂ ಹೇಳಿದರು. ಸೋಂಕಿರಬೇಕೆಂದು ನಾನು ಆಂಟಿಬಯಾಟಿಕ್ ಡ್ರಾಪ್ಸ್ ಬರೆದುಕೊಟ್ಟೆ. ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಮತ್ತೊಂದು ಡ್ರಾಪ್ಸ್ ಬರೆದೆ. ಮೂರನೆಯ ಸಲ ಬಂದಾಗ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ. "ನೀರು ಬರುವುದಕ್ಕೆ ಮುಂಚೆ ಕಣ್ಣಿಗೆ ಏನನ್ನಿಸುತ್ತದೆ?"

"ಮರಳು ಎರಚಿದ ಹಾಗೆ ಡಾಕ್ಟ್ರೇ. ಮಧ್ಯಾಹ್ನ ಪೇಪರ್ ಹಿಡಿದು ಕೂತರೆ ಹತ್ತು ನಿಮಿಷಕ್ಕೆ ಅಕ್ಷರ ಮಸುಕಾಗುತ್ತೆ. ನಾಲ್ಕು ಸಲ ಕಣ್ಣು ಮಿಟುಕಿಸಿದರೆ ಮತ್ತೆ ಕಾಣುತ್ತೆ." ಬಾಯಿಯೂ ಒಣಗುತ್ತದೆಯೇ ಎಂದು ಕೇಳಿದೆ. ರಾತ್ರಿ ತಲೆದೆಸೆಯಲ್ಲಿ ನೀರಿನ ಚೊಂಬು ಇಟ್ಟುಕೊಂಡೇ ಮಲಗುವುದಂತೆ. ಬೆಳಿಗ್ಗೆ ಬೆರಳಿನ ಗಿಣ್ಣುಗಳಲ್ಲಿ ನೋವೂ ಇತ್ತು.

ಅವರ ಕಾಯಿಲೆ ಒಣಗಣ್ಣು. ಹಾಗೆಂದಾಗ ಅವರು ನನ್ನನ್ನು ನೋಡಿದ ನೋಟ, ತಪ್ಪು ಮಗ್ಗಿ ಹೇಳಿದ ಹುಡುಗನನ್ನು ನೋಡುವಂತಿತ್ತು. "ಕಣ್ಣಲ್ಲಿ ನೀರು ಸುರೀತಾ ಇದೆ, ನೀವು ಒಣಗಿದೆ ಅಂತೀರಲ್ಲ!"

ಸುರಿಯುವ ಕಣ್ಣು ಒಣಗುವುದು ಹೇಗೆ?

ಅವರ ಅನುಮಾನ ನ್ಯಾಯವಾದದ್ದೇ. ಕಣ್ಣೀರಿನಲ್ಲಿ ಎರಡು ಬಗೆ. ಒಂದು, ನಮಗೆ ಗೊತ್ತೇ ಆಗದಂತೆ ದಿನವಿಡೀ ಸ್ವಲ್ಪ ಸ್ವಲ್ಪವೇ ಒಸರುತ್ತಾ ಕಣ್ಣುಗುಡ್ಡೆಯನ್ನು ತೇವವಾಗಿಡುವ ನೀರು. ಇನ್ನೊಂದು, ಈರುಳ್ಳಿ ಹೆಚ್ಚುವಾಗ, ಹೊಗೆ ತಗುಲಿದಾಗ ಅಥವಾ ದುಃಖವಾದಾಗ ಒಮ್ಮೆಲೇ ಉಕ್ಕುವ ನೀರು. ಮೊದಲನೆಯದು ಕಡಿಮೆಯಾದಾಗ ಕಣ್ಣಿನ ಮೇಲ್ಮೈ ಉರಿಯುತ್ತದೆ. ಆ ಉರಿಯ ಸುದ್ದಿ ಮಿದುಳಿಗೆ ತಲುಪಿ, ಅಲ್ಲಿಂದ ಬಂದ ಆಜ್ಞೆಯಂತೆ ಎರಡನೆಯ ಬಗೆಯ ನೀರು ಸುರಿಯುತ್ತದೆ. ಬಿರುಕು ಬಿಟ್ಟ ಹೊಲದ ಮೇಲೆ ಜೋರಾಗಿ ಹೊಯ್ದು ಹರಿದುಹೋಗುವ ಮಳೆಯ ಹಾಗೆ ಅದು ಕೆನ್ನೆಯ ಮೇಲೆ ಇಳಿದುಹೋಗುತ್ತದೆಯೇ ಹೊರತು ಕಣ್ಣಿನಲ್ಲಿ ನಿಲ್ಲುವುದಿಲ್ಲ.

ನಿಲ್ಲುವ ಕಣ್ಣೀರು ಬರೀ ನೀರಲ್ಲ. ಕಣ್ಣಿಗೆ ಅಂಟಿಕೊಂಡಿರುವ ಲೋಳೆ, ಅದರ ಮೇಲೆ ನೀರು, ಎಲ್ಲಕ್ಕಿಂತ ಮೇಲೆ ನೀರು ಆವಿಯಾಗದಂತೆ ತಡೆಯುವ ತೆಳುವಾದ ಎಣ್ಣೆ, ಇವು ಮೂರೂ ಸೇರಿದ ಪದರ ಅದು. ಎಣ್ಣೆಯನ್ನು ರೆಪ್ಪೆಯ ಅಂಚಿನಲ್ಲಿರುವ ಮೈಬೋಮಿಯನ್ ಗ್ರಂಥಿಗಳು ಒದಗಿಸುತ್ತವೆ. ಒಂದು ಕಣ್ಣಿನಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್ ಮಾತ್ರ. ಡ್ರಾಪ್ಸ್ ಬಾಟಲಿಯಿಂದ ಬೀಳುವ ಒಂದು ಹನಿಯ ಐದನೇ ಒಂದು ಪಾಲು ಎನ್ನಿ. ಇಷ್ಟರಲ್ಲಿ ಸ್ವಲ್ಪ ಕಡಿಮೆಯಾದರೂ ಕಣ್ಣಿಗೆ ತಿಳಿಯುತ್ತದೆ.

ಈ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ? ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯ ಒಳತುದಿಯನ್ನು, ಅಂದರೆ ಮೂಗಿನ ಪಕ್ಕದ ತುದಿಯನ್ನು, ಮೆಲ್ಲಗೆ ಕೆಳಗೆಳೆದು ನೋಡಿ. ಅಂಚಿನ ಮೇಲೆ ಸೂಜಿಮೊನೆಯಷ್ಟು ದೊಡ್ಡ ರಂಧ್ರವೊಂದು ಕಾಣುತ್ತದೆ. ಮೇಲ್ರೆಪ್ಪೆಯಲ್ಲೂ ಅಂಥದ್ದೇ ಒಂದಿದೆ. ವೈದ್ಯರು ಅದನ್ನು ಪಂಕ್ಟಮ್ ಎನ್ನುತ್ತಾರೆ. ಅಗಲ ಸುಮಾರು 0.3 ಮಿಲಿಮೀಟರ್. ನಾವು ರೆಪ್ಪೆ ಬಡಿದಾಗಲೆಲ್ಲ ಕಣ್ಣೀರು ಈ ರಂಧ್ರಗಳೊಳಗೆ ಸೇರಿ, ಸಣ್ಣ ನಾಳದಲ್ಲಿ ಹರಿದು, ಮೂಗಿನ ಪಕ್ಕದ ಕಣ್ಣೀರಿನ ಚೀಲ ತಲುಪಿ, ಅಲ್ಲಿಂದ ಮೂಗಿನೊಳಕ್ಕೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದಕ್ಕೇ. ಕಣ್ಣಿಗೆ ಔಷಧಿ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಗಂಟಲಿನಲ್ಲಿ ಕಹಿ ಅನ್ನಿಸುವುದೂ ಇದಕ್ಕೇ.

ಕೆರೆಯ ತೂಬು ನೋಡಿದವರಿಗೆ ಮುಂದಿನ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಒಳಹರಿವು ಕಡಿಮೆಯಾದಾಗ ತೂಬು ಮುಚ್ಚಿದರೆ ಇದ್ದ ನೀರು ಹೆಚ್ಚು ದಿನ ಉಳಿಯುತ್ತದೆ. ಕಣ್ಣಿನ ಈ ರಂಧ್ರಕ್ಕೆ ಸಣ್ಣ ಬಿರಡೆ ಹಾಕುವ ಚಿಕಿತ್ಸೆಯ ತತ್ವ ಅಷ್ಟೇ. ಇದನ್ನು ಪಂಕ್ಟಲ್ ಪ್ಲಗ್ ಎಂದು ಕರೆಯುತ್ತಾರೆ.

ಮೊದಲು ಕೆರೆ ಶುದ್ಧವಾಗಲಿ

ಆದರೆ ಕೆರೆಯ ನೀರೇ ಕೊಳೆತಿದ್ದರೆ? ತೂಬು ಮುಚ್ಚಿದರೆ ನಾತ ಹೆಚ್ಚುತ್ತದೆ. ಒಣಗಣ್ಣಿನವರಲ್ಲಿ ಬಹಳಷ್ಟು ಮಂದಿಗೆ ಕಣ್ಣಿನ ಮೇಲ್ಮೈಯಲ್ಲಿ ಉರಿಯೂತವಿರುತ್ತದೆ. ಅಂಥ ಕಣ್ಣೀರನ್ನು ಒಳಗೇ ನಿಲ್ಲಿಸಿದರೆ ಉರಿ ಇನ್ನಷ್ಟು ಜಾಸ್ತಿಯಾಗಬಹುದು. ಅದಕ್ಕೇ ನೇತ್ರತಜ್ಞರು ಎಷ್ಟೋ ಸಲ ಮೊದಲು ಕೆಲವು ವಾರ ಸೈಕ್ಲೋಸ್ಪೋರಿನ್‌ನಂಥ ಉರಿಯೂತ ತಗ್ಗಿಸುವ ಹನಿಗಳನ್ನು ಕೊಟ್ಟು, ಆಮೇಲೆ ಬಿರಡೆಯ ಮಾತೆತ್ತುತ್ತಾರೆ. "ಸುಮ್ಮನೆ ದಿನ ದೂಡುತ್ತಿದ್ದಾರೆ" ಎಂದು ಮನೆಯವರು ಗೊಣಗಬಾರದು.

ರೆಪ್ಪೆಯಂಚಿನಲ್ಲಿ ಹೊಟ್ಟಿನಂತೆ ಪುಡಿ ಕಟ್ಟುವವರು, ಎಣ್ಣೆಗ್ರಂಥಿಗಳು ಕಟ್ಟಿಕೊಂಡವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಇವರ ಕೆರೆಗೆ ನೀರು ಬರುತ್ತಿದೆ, ಬಿಸಿಲಿಗೆ ಆವಿಯಾಗಿ ಹೋಗುತ್ತಿದೆ. ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ದಿನಕ್ಕೆರಡು ಸಲ ಐದು ಹತ್ತು ನಿಮಿಷ ಇಟ್ಟುಕೊಂಡು, ಬಳಿಕ ರೆಪ್ಪೆಯನ್ನು ಮೃದುವಾಗಿ ನೀವುವುದರಿಂದಲೇ ಇಂಥವರಲ್ಲಿ ಅನೇಕರಿಗೆ ಬಹುಪಾಲು ಗುಣ ಸಿಗುತ್ತದೆ. ಉರಿಗಿಂತ ತುರಿಕೆಯೇ ಹೆಚ್ಚಾಗಿದ್ದರೆ ಅದು ಅಲರ್ಜಿ ಇರಬಹುದು. ಆಗ ಬಿರಡೆ ಹಾಕಿದರೆ ಧೂಳು, ಪರಾಗ ಎಲ್ಲ ಕಣ್ಣಿನಲ್ಲೇ ನಿಲ್ಲುತ್ತವೆ. ಕಣ್ಣಿನಲ್ಲಿ ಅಥವಾ ಕಣ್ಣೀರಿನ ಚೀಲದಲ್ಲಿ ಸೋಂಕಿರುವವರಿಗೆ ಬಿರಡೆ ಸಲ್ಲದು.

ನೀವು ನುಂಗುವ ಮಾತ್ರೆಗಳ ಪಟ್ಟಿಯನ್ನೂ ವೈದ್ಯರ ಮುಂದಿಡಿ. ನೆಗಡಿ ಮತ್ತು ಅಲರ್ಜಿಯ ಕೆಲವು ಮಾತ್ರೆಗಳು, ನಿದ್ರೆಗೋ ನರಗಳ ನೋವಿಗೋ ಕೊಡುವ ಅಮಿಟ್ರಿಪ್ಟಿಲಿನ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಕಣ್ಣನ್ನು ಒಣಗಿಸಬಲ್ಲವು. ಸಂರಕ್ಷಕ ರಾಸಾಯನಿಕ ಬೆರೆತ ಗ್ಲಾಕೋಮಾ ಹನಿಗಳನ್ನು ವರ್ಷಗಟ್ಟಲೆ ಹಾಕಿಕೊಳ್ಳುವವರಲ್ಲೂ ಇದನ್ನು ಕಾಣುತ್ತೇವೆ. ಹಾಗೆಂದು ನಿಮ್ಮಷ್ಟಕ್ಕೆ ಯಾವುದನ್ನೂ ನಿಲ್ಲಿಸಬೇಡಿ, ಗ್ಲಾಕೋಮಾ ಹನಿಯನ್ನಂತೂ ಖಂಡಿತ ಬೇಡ.

ಮನೆಮದ್ದಿನ ಬಗ್ಗೆಯೂ ಒಂದು ಮಾತು. ಹರಳೆಣ್ಣೆ, ಜೇನುತುಪ್ಪ, ನಂದಿಬಟ್ಟಲು ಹೂವಿನ ರಸ, ಎದೆಹಾಲು, ಇವನ್ನೆಲ್ಲ ಕಣ್ಣಿಗೆ ಬಿಟ್ಟುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಅಜ್ಜಿಯ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಒಣಗಿ ಗಾಯಗೊಂಡ ಕಣ್ಣಿಗೆ ಸೋಂಕು ಬೇಗ ತಗಲುತ್ತದೆ. ಇದಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಔಷಧಿ ಅಂಗಡಿಯಲ್ಲಿ "ಕಣ್ಣು ಕೆಂಪಾಗಿದೆ, ಏನಾದರೂ ಕೊಡಿ" ಎಂದು ಕೇಳಿ ತರುವ ಸ್ಟೆರಾಯ್ಡ್ ಹನಿ. ಎರಡು ದಿನದಲ್ಲಿ ಕಣ್ಣು ಬೆಳ್ಳಗಾಗುತ್ತದೆ. ತಿಂಗಳುಗಟ್ಟಲೆ ಮುಂದುವರಿಸಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು.

ಕಾಗದದ ಪಟ್ಟಿಯಿಂದ ಬಿರಡೆಯವರೆಗೆ

ಶಿಕ್ಷಕಿಯವರನ್ನು ಜಿಲ್ಲಾ ಕೇಂದ್ರದ ನೇತ್ರತಜ್ಞರ ಬಳಿಗೆ ಕಳಿಸಿದೆ. ಅವರು ಮಾಡಿದ ಒಂದು ಪರೀಕ್ಷೆ ಬಲು ಸರಳ. ಜರ್ಮನಿಯ ನೇತ್ರವೈದ್ಯ ಓಟೋ ಶಿರ್ಮರ್ 1903ರಲ್ಲಿ ವಿವರಿಸಿದ್ದು ಅದು. ಸೋಸುವ ಕಾಗದದ ಸಣ್ಣ ಪಟ್ಟಿಯ ತುದಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಉದ್ದ ಒದ್ದೆಯಾಯಿತೆಂದು ಅಳೆಯುತ್ತಾರೆ. 10 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 5ಕ್ಕಿಂತ ಕಡಿಮೆಯಾದರೆ ಕಣ್ಣೀರು ನಿಜಕ್ಕೂ ಕೊರತೆಯಾಗಿದೆ ಎಂದರ್ಥ. ಇವರದು ಬಲಗಣ್ಣಿನಲ್ಲಿ 3, ಎಡಗಣ್ಣಿನಲ್ಲಿ 4. ಬಣ್ಣದ ಹನಿ ಹಾಕಿ ನೋಡಿದಾಗ ಕಣ್ಣೀರಿನ ಪದರ ಹತ್ತು ಸೆಕೆಂಡುಗಳ ಮುಂಚೆಯೇ ಒಡೆಯುತ್ತಿತ್ತು. ರಕ್ತಪರೀಕ್ಷೆಗಳೂ ಆದವು. ಕಣ್ಣು, ಬಾಯಿ ಎರಡೂ ಒಣಗಿ ಕೀಲುನೋವೂ ಇದ್ದುದರ ಹಿಂದೆ ಜೋಗ್ರನ್ ಕಾಯಿಲೆ ಇತ್ತು. ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಜೋಗ್ರನ್ 1933ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ನಡುವಯಸ್ಸಿನ ನಂತರ, ಬಹಳ ಹೆಚ್ಚು.

ಕೃತಕ ಕಣ್ಣೀರಿನ ಹನಿಗಳನ್ನು ಗಂಟೆಗೊಮ್ಮೆ ಹಾಕಿಕೊಂಡರೂ ಅವರಿಗೆ ಸಾಲುತ್ತಿರಲಿಲ್ಲ. ಬಿರಡೆಯ ಮಾತು ಬಂದದ್ದು ಆಗ.

ಇದು ನಿನ್ನೆ ಮೊನ್ನೆಯ ಉಪಾಯವಲ್ಲ. 1930ರ ದಶಕದಲ್ಲೇ ಅಮೆರಿಕದಲ್ಲಿ ಈ ರಂಧ್ರಗಳನ್ನು ಸುಟ್ಟು ಮುಚ್ಚುತ್ತಿದ್ದರು. 1961ರಲ್ಲಿ ಫೌಲ್ಡ್ಸ್ ಎಂಬ ಬ್ರಿಟಿಷ್ ವೈದ್ಯರು ಕರಗುವ ಜೆಲಟಿನ್ ಕಡ್ಡಿಗಳನ್ನು ನಾಳದೊಳಗೆ ಇಟ್ಟರು. ಇಂದು ಬಳಕೆಯಲ್ಲಿರುವ ಸಿಲಿಕೋನ್ ಬಿರಡೆಯನ್ನು ಅಮೆರಿಕದ ಜೆರಿ ಫ್ರೀಮನ್ 1975ರಲ್ಲಿ ವರದಿ ಮಾಡಿದರು. ಈಗ ಕೊಲಾಜನ್‌ನಿಂದ ಮಾಡಿದ, ವಾರದ ಆಸುಪಾಸಿನಲ್ಲಿ ಕರಗಿಹೋಗುವ ಬಿರಡೆಗಳಿವೆ. ಕೆಲವು ತಿಂಗಳು ಉಳಿದು ಕರಗುವವು ಇವೆ. ತೆಗೆಯುವವರೆಗೂ ಇರುವ ಸಿಲಿಕೋನ್ ಬಿರಡೆಗಳಿವೆ. ಸಿಲಿಕೋನಿನದು ಎಳ್ಳಿಗಿಂತ ಚಿಕ್ಕದು. ಮೂಗುಬೊಟ್ಟು ನೆನಪಿಸಿಕೊಳ್ಳಿ: ತಲೆ ಹೊರಗೆ ಕಾಣುತ್ತದೆ, ಕಾಂಡ ಒಳಗಿರುತ್ತದೆ. ತಲೆ ಹೊರಗಿರುವುದರಿಂದ ಬೇಕೆಂದಾಗ ಚಿಮಟದಲ್ಲಿ ಹಿಡಿದು ತೆಗೆಯಬಹುದು. ಪೂರ್ತಿ ನಾಳದೊಳಗೇ ಇಳಿಸುವ ಬಗೆಗಳೂ ಉಂಟು. ಹೊರಗೆ ಏನೂ ಕಾಣದು, ಚುಚ್ಚದು. ಆದರೆ ಒಳಗೆ ಸೋಂಕಾದರೆ ತೆಗೆಯುವುದು ಕಷ್ಟ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ನನ್ನನ್ನು ಕೇಳಿದರೆ ಕಣ್ಣಿಗೆ ಕಾಣುವ ಬಿರಡೆಯೇ ವಾಸಿ.

ಹಾಕಿಸಿಕೊಳ್ಳುವುದಕ್ಕೆ ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಮರಗಟ್ಟಿಸುವ ಹನಿ ಹಾಕಿ, ರಂಧ್ರದ ಅಳತೆ ನೋಡಿ, ಕೆಲವೇ ನಿಮಿಷಗಳಲ್ಲಿ ಕೂರಿಸುತ್ತಾರೆ. ಸಾಮಾನ್ಯವಾಗಿ ಕೆಳರೆಪ್ಪೆಗಳಿಗೆ ಮಾತ್ರ, ಸಾಲದಿದ್ದರೆ ಮೇಲಿನದಕ್ಕೂ. ಮೊದಲು ಕರಗುವ ಬಿರಡೆ ಹಾಕಿ ನೋಡುವುದು ಒಳ್ಳೆಯ ಪದ್ಧತಿ. ಕಣ್ಣೀರು ಹೆಚ್ಚಾಗಿ ಕೆನ್ನೆಗಿಳಿದರೂ ಅದು ಕರಗುವವರೆಗೆ ತಡೆದುಕೊಂಡರೆ ಸಾಕು. ಶಿಕ್ಷಕಿಯವರಿಗೂ ಹಾಗೆಯೇ ಮಾಡಿದರು. ನಾಲ್ಕನೆಯ ದಿನ ಅವರು ಪೇಪರಿನ ಎರಡು ಪುಟಗಳನ್ನು ಒಂದೇ ಕೂತಲ್ಲಿ ಓದಿ ಮುಗಿಸಿದರಂತೆ. ಆಮೇಲೆ ಸಿಲಿಕೋನ್ ಬಿರಡೆ ಬಂತು.

ಬಿರಡೆಯ ಜೊತೆ ಬಾಳುವೆ

ಮೊದಲ ಕೆಲವು ದಿನ ಕಣ್ಣಿನ ಒಳಮೂಲೆಯಲ್ಲಿ ಏನೋ ಇದೆ ಅನ್ನಿಸುತ್ತದೆ. ಎಡಕ್ಕೆ ಬಲಕ್ಕೆ ನೋಡಿದಾಗ ಚುಚ್ಚಿದಂತಾಗಬಹುದು. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಮರೆತುಹೋಗುತ್ತದೆ. ಹೋಗದಿದ್ದರೆ ಅಳತೆ ಅಥವಾ ಕೂತಿರುವ ರೀತಿ ಸರಿಯಿಲ್ಲವೆಂದು ತಿಳಿದು ವೈದ್ಯರಿಗೆ ತೋರಿಸಬೇಕು, ಸಹಿಸಿಕೊಂಡು ಕೂರಬಾರದು. ತಲೆಯ ಅಂಚು ಕಣ್ಣುಗುಡ್ಡೆಗೆ ಉಜ್ಜಿ ಗಾಯವಾಗುವುದುಂಟು.

ಇಲ್ಲಿ ಮುಖ್ಯವಾದದ್ದು ಕಣ್ಣುಜ್ಜುವ ಅಭ್ಯಾಸ ಬಿಡುವುದು. ನಮ್ಮಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಎರಡೂ ಅಂಗೈಯಿಂದ ಕಣ್ಣುಜ್ಜಿಕೊಳ್ಳುವುದು ಒಂದು ಸುಖ. ಆ ಸುಖಕ್ಕೆ ಇನ್ನು ವಿದಾಯ. ನೀರು ಒರೆಸುವಾಗ ಕೆನ್ನೆಯ ಮೇಲಿನದನ್ನಷ್ಟೇ ಒತ್ತಿ ತೆಗೆಯಿರಿ. ಗೀಜು ತೆಗೆಯಲು ಒಳಮೂಲೆಗೆ ಬೆರಳು ಹಾಕಬೇಡಿ. ಒದ್ದೆ ಹತ್ತಿಯನ್ನು ಮೆಲ್ಲಗೆ ಒತ್ತಿ. ಕಾಡಿಗೆ ಹಚ್ಚಿಕೊಳ್ಳುವವರು ಮೂಗಿನ ಕಡೆಯ ತುದಿಯನ್ನು ಬಿಟ್ಟುಬಿಡಬೇಕು. ಕಣ್ಣಿನೊಳಗಂಚಿಗೆ ಹಚ್ಚುವುದನ್ನೇ ಬಿಟ್ಟರೆ ಇನ್ನೂ ಉತ್ತಮ, ಆ ಕಪ್ಪೆಲ್ಲ ಈಗ ಹೊರಹೋಗುವ ದಾರಿಯಿಲ್ಲದೆ ಕಣ್ಣಿನಲ್ಲೇ ಸುತ್ತುತ್ತದೆ.

ಇದೇ ಕಾರಣಕ್ಕೆ ಹನಿಗಳ ವಿಷಯದಲ್ಲೂ ಎಚ್ಚರ ಬೇಕು. ಬಿರಡೆ ಇರುವಾಗ ಹಾಕಿದ ಔಷಧಿ ಕಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಒಳ್ಳೆಯ ಔಷಧಿಯ ಜೊತೆ ಅದರ ಸಂರಕ್ಷಕ ರಾಸಾಯನಿಕವೂ ನಿಲ್ಲುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಕೃತಕ ಕಣ್ಣೀರು ಹಾಕಿಕೊಳ್ಳುವವರು ಸಂರಕ್ಷಕವಿಲ್ಲದ ಹನಿಯನ್ನೇ ಕೇಳಿ ಪಡೆಯಿರಿ. ಬೆಲೆ ಸ್ವಲ್ಪ ಜಾಸ್ತಿಯೇ.

ಬಿರಡೆ ಬಿದ್ದುಹೋದರೆ? ಒಂದು ಭಾನುವಾರ ಬೆಳಿಗ್ಗೆ ಶಿಕ್ಷಕಿಯವರು ಗಾಬರಿಯಿಂದ ಫೋನ್ ಮಾಡಿದರು. "ಮುಖ ತೊಳೀತಿದ್ದೆ, ಎಡಗಡೇದು ಬೇಸಿನ್ನಿನಲ್ಲಿ ಹೋಯ್ತು ಡಾಕ್ಟ್ರೇ. ಮಗನಿಗೆ ಪೈಪ್ ಬಿಚ್ಚೋಕೆ ಹೇಳ್ಲಾ?" ಪೈಪು ಬಿಚ್ಚುವ ಅಗತ್ಯವಿರಲಿಲ್ಲ. ಬಿರಡೆ ಬೀಳುವುದು ಈ ಚಿಕಿತ್ಸೆಯ ಬಲು ಸಾಮಾನ್ಯವಾದ ತೊಂದರೆ, ಹಲವರಲ್ಲಿ ಮೊದಲ ಕೆಲವು ತಿಂಗಳಲ್ಲೇ ಆಗುತ್ತದೆ. ಇದರಿಂದ ಕಣ್ಣಿಗೆ ಅಪಾಯವಿಲ್ಲ. ಒಂದಳತೆ ದೊಡ್ಡದನ್ನು ಹಾಕಬೇಕಾಗಬಹುದು. ಮತ್ತೆ ಮತ್ತೆ ಬೀಳುತ್ತಿದ್ದರೆ, ಕಣ್ಣು ತೀರಾ ಒಣಗಿದ್ದರೆ, ರಂಧ್ರವನ್ನು ಸುಟ್ಟು ಶಾಶ್ವತವಾಗಿ ಮುಚ್ಚುವ ದಾರಿಯೂ ಇದೆ. ಔಷಧಿಯ ತೀವ್ರ ಪ್ರತಿಕ್ರಿಯೆಯಾದ ಸ್ಟೀವನ್ಸ್-ಜಾನ್ಸನ್ ಕಾಯಿಲೆಯಿಂದ ಕಣ್ಣು ಬತ್ತಿದವರಿಗೆ ಅದನ್ನು ಮಾಡುವುದುಂಟು. ಬಿದ್ದಿದೆಯೋ ಒಳಗೆ ಜಾರಿದೆಯೋ ಎಂಬುದನ್ನು ಮಾತ್ರ ಊಹಿಸಬೇಡಿ, ವೈದ್ಯರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿ ಹೇಳಲಿ.

ಕೆಲವರಿಗೆ ಬಿರಡೆ ಹಾಕಿದ ಮೇಲೆ ನೀರು ಕಣ್ಣು ತುಂಬಿ ಹೊರಚೆಲ್ಲುತ್ತದೆ, ಅದರಲ್ಲೂ ಚಳಿಗಾಳಿಯಲ್ಲಿ. ಸ್ವಲ್ಪವಾದರೆ ಸಹಿಸಬಹುದು; ಬದುಕಿಗೆ ತೊಡಕಾದರೆ ಒಂದನ್ನು ತೆಗೆಸಿದರಾಯಿತು. ಆದರೆ ಕಣ್ಣಿನ ಒಳಮೂಲೆ ಅಥವಾ ಮೂಗಿನ ಪಕ್ಕ ಊದಿಕೊಂಡು ಕೆಂಪಾದರೆ, ಒತ್ತಿದಾಗ ಕೀವು ಬಂದರೆ, ರಂಧ್ರದ ಸುತ್ತ ಕೆಂಪು ಮಾಂಸದಂತೆ ಬೆಳೆದರೆ, ನೋವಿನೊಂದಿಗೆ ದೃಷ್ಟಿ ಮಂದವಾದರೆ ಅಂದೇ ನೇತ್ರತಜ್ಞರನ್ನು ಕಾಣಬೇಕು. ನನ್ನಂಥ ಸಾಮಾನ್ಯ ವೈದ್ಯನ ಆಂಟಿಬಯಾಟಿಕ್ ಚೀಟಿಯಲ್ಲಿ ಮುಗಿಯುವ ಕೆಲಸವಲ್ಲ ಅದು.

ಬಿರಡೆ ಇದೆಯೆಂದು ಉಳಿದದ್ದನ್ನು ಮರೆಯುವಂತಿಲ್ಲ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿಯದಂತೆ ಮಂಚ ತಿರುಗಿಸಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಮಕ್ಕಳಿಗೆ ಬಿಡಿ. ಬೈಕಿನಲ್ಲಿ ಹೋಗುವಾಗ ಕನ್ನಡಕ ಇರಲಿ. ಕಂಪ್ಯೂಟರ್, ಮೊಬೈಲ್ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ, ಬಡಿದರೂ ಅರ್ಧಂಬರ್ಧ. ಆಗಾಗ ಕಣ್ಣು ಪೂರ್ತಿ ಮುಚ್ಚಿ ತೆರೆಯಿರಿ. ರಾಯಚೂರು, ಕಲಬುರಗಿ ಕಡೆಯ ಒಣ ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ. ಮೀನೆಣ್ಣೆ ಮಾತ್ರೆಯ ಬಗ್ಗೆ ಅನೇಕರು ಕೇಳುತ್ತಾರೆ. 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಅದು ಆಲಿವ್ ಎಣ್ಣೆಯ ಮಾತ್ರೆಗಿಂತ ಹೆಚ್ಚೇನೂ ಗುಣ ತೋರಲಿಲ್ಲ.

ಬಿರಡೆಯ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳಬೇಕು. ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2017ರ ವರದಿ, ಕೆಲವರಿಗೆ ಉಪಶಮನ ಸಿಕ್ಕರೂ ಎಲ್ಲರಿಗೂ ಗುಣವೆಂದು ಹೇಳುವಷ್ಟು ಗಟ್ಟಿ ಪುರಾವೆಯಿಲ್ಲ ಎಂದಿತು. ಸರಿಯಾಗಿ ಆರಿಸಿದ ರೋಗಿಗೆ ಉಪಯೋಗ, ಎಲ್ಲ ಉರಿಗಣ್ಣಿಗೂ ಅಲ್ಲ. ಕಾಯಿಲೆಯ ಮೂಲವನ್ನು ಅದು ಮುಟ್ಟುವುದಿಲ್ಲ. ನಮ್ಮ ಶಿಕ್ಷಕಿಯವರಿಗೆ ಇಂದಿಗೂ ದಿನಕ್ಕೆ ನಾಲ್ಕೈದು ಸಲ ಹನಿ ಬೇಕು. ಮೊದಲು ಅದು ಹದಿನೈದು ಸಲ ಇತ್ತು. ಕೀಲುನೋವಿಗೆ ಬೇರೆ ಚಿಕಿತ್ಸೆ ನಡೆಯುತ್ತಿದೆ.

ಕೊನೆಯದಾಗಿ ಒಂದು ಸೂಚನೆ. ಬಿರಡೆ ಹಾಕಿದ ವೈದ್ಯರಿಂದ ಯಾವ ಬಗೆಯದು, ಯಾವ ಅಳತೆ, ಯಾವ ಕಣ್ಣಿನ ಯಾವ ರೆಪ್ಪೆ, ಯಾವ ದಿನಾಂಕ ಎಂದು ಬರೆಸಿಕೊಂಡು ಆ ಚೀಟಿಯನ್ನು ಜೋಪಾನವಾಗಿಡಿ. ನಮ್ಮಲ್ಲಿ ಕಣ್ಣಿನ ಪೊರೆಯ ಆಪರೇಷನ್ನಿಗೆ ಮುಂಚೆ ಕಣ್ಣೀರಿನ ನಾಳ ತೆರೆದಿದೆಯೇ ಎಂದು ತಿಳಿಯಲು ಸಿರಿಂಜಿನಿಂದ ನೀರು ಹಾಯಿಸಿ ನೋಡುವ ರೂಢಿಯಿದೆ. ಬಿರಡೆ ಇರುವುದು ಗೊತ್ತಿಲ್ಲದೆ ಹಾಯಿಸಿದರೆ ಅದು ಒಳಗೆ ಜಾರಬಹುದು. ಅಥವಾ ನಾಳವೇ ಕಟ್ಟಿದೆಯೆಂದು ಭಾವಿಸಿ ಆಪರೇಷನ್ ಮುಂದೂಡಬಹುದು. ಹೋದ ವರ್ಷ ಶಿಕ್ಷಕಿಯವರಿಗೆ ಬಲಗಣ್ಣಿನ ಪೊರೆ ತೆಗೆಸುವ ಸಂದರ್ಭ ಬಂತು. ಆಸ್ಪತ್ರೆಯೂ ಬೇರೆ, ವೈದ್ಯರೂ ಬೇರೆ. ನರ್ಸ್ ಸಿರಿಂಜ್ ಹಿಡಿದು ಬಂದಾಗ ಇವರು "ಸ್ವಲ್ಪ ತಾಳಮ್ಮ" ಎಂದು ಪರ್ಸಿನಿಂದ ಚೀಟಿ ತೆಗೆದು ಕೊಟ್ಟರಂತೆ. ವೈದ್ಯರು ಬಂದು ಮೊದಲು ಬಿರಡೆ ತೆಗೆದು, ನಾಳ ಪರೀಕ್ಷಿಸಿ, ಆಪರೇಷನ್ ಮುಗಿಸಿದರು. ಗಾಯ ಮಾಯ್ದು ಹನಿಗಳೆಲ್ಲ ನಿಂತ ಮೇಲೆ ಹೊಸ ಬಿರಡೆ ಹಾಕಿಸಿಕೊಂಡು ಬಂದು, ದಿನಾಂಕ ಬದಲಾದ ಚೀಟಿಯನ್ನು ನನಗೂ ತೋರಿಸಿ ಹೋದರು.